ಇಲ್ಲದ ಬಾವಿ ನೋಡೋಕೆ ಬಂದ ಮಿಸ್ಸು

ಹೋದ ತಿಂಗಳು ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಅಂತ ಇಬ್ಬರೂ ನೆಲದ ಮೇಲೆ ಚಾರ್ಟು ಹರಡಿಕೊಂಡು ಕೂತಾಗ, ಮನೆಯಲ್ಲಿದ್ದ ಗಮ್ಮು ಒಣಗಿ ಕಲ್ಲಾಗಿತ್ತು. ಮೊಬೈಲಲ್ಲಿ ಆರ್ಡರ್ ಮಾಡ್ತೀನಿ, ಹತ್ತು ನಿಮಿಷದಲ್ಲಿ ಬರುತ್ತೆ ಅಂದಳು. ಎರಡು ಚಮಚ ಮೈದಾ ಇದ್ದರೆ ಆಗೋ ಕೆಲಸಕ್ಕೆ ಇನ್ನೊಬ್ಬರನ್ನ ಗಾಡಿ ಮೇಲೆ ಓಡಿಸಬೇಕೇನೇ ಅಂತ ರೇಗಿ, ನಾನು ಒಲೆ ಹಚ್ಚಿದೆ. ಹಳೇ ಪಾತ್ರೆಯಲ್ಲಿ ಮೈದಾ ಕಲಸಿದ ನೀರು ಮೊದಲು ಗಂಟುಗಂಟಾಯ್ತು, ಆಮೇಲೆ ಗಟ್ಟಿಯಾಗಿ ಬುಳುಕ್ ಬುಳುಕ್ ಅಂತ ಕುದಿಯೋಕೆ ಶುರುವಾಯ್ತು. ಆ ಹಸಿ ಹಿಟ್ಟು ಬೇಯುವ ವಾಸನೆ ಮೂಗಿಗೆ ಬಡಿದಿದ್ದೇ ತಡ... ನಾನು ಅಡುಗೆಮನೆಯಲ್ಲಿ ಇರಲೇ ಇಲ್ಲ. ಎಂಟನೇ ಕ್ಲಾಸಿನ ಹಿಂದಿನ ಗೋಡೆಯ ಹತ್ತಿರ, ಎರಡು ಜಡೆ ಹಾಕಿಕೊಂಡು, ಕೈತುಂಬ ಅಂಟು ಮೆತ್ತಿಕೊಂಡು ನಿಂತಿದ್ದೆ. "ಅಮ್ಮಾ, ತಳ ಹಿಡೀತಿದೆ!" ಅಂತ ಮಗಳು ಕೂಗಿದಾಗಲೇ ಸೌಟು ಆಡಿಸಿದ್ದು.

ಅದು ನಮ್ಮ ಸಮಾಜದ ಮಿಸ್ಸಿನ ವಾಸನೆ. ಜೆ.ಪಿ. ನಗರದ ಒಂದು ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಅವರು ಚರಿತ್ರೆ, ಭೂಗೋಳ, ಪೌರನೀತಿ ಮೂರನ್ನೂ ಪಾಠ ಮಾಡುತ್ತಿದ್ದರು. ಅವರಿಗೆ ಒಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಸಹಿಯೂ ಹಾಕುತ್ತಿದ್ದರು. ಆದರೆ ನಮಗೆ ಅವರು ಯಾವತ್ತಿದ್ದರೂ ಸಮಾಜದ ಮಿಸ್ಸು. ಕಡ್ಡಿಯಂಥ ಮೈ, ಹೆಗಲಿಗೆ ಪಿನ್ನು ಹಾಕಿದ ಕಾಟನ್ ಸೀರೆ, ಸೀರೆಯ ಕೆಳಗೆ ಬಿಳೀ ಕ್ಯಾನ್ವಾಸ್ ಶೂ. ಸೀರೆಗೆ ಶೂ ಹಾಕೋ ಹೆಂಗಸನ್ನ ನಾವ್ಯಾರೂ ಅಲ್ಲಿವರೆಗೆ ನೋಡಿರಲಿಲ್ಲ, ಹಿಂದಿನ ಬೆಂಚಿನವರು ನಕ್ಕಿದ್ದೇ ನಕ್ಕಿದ್ದು. ಅವರಿಗೆ ಗೊತ್ತಾಗದೇ ಏನಿಲ್ಲ. "ನಡೆಯೋಕೆ ಚೆನ್ನಾಗಿರುತ್ತೆ, ಬೇಕಾದ್ರೆ ಹಾಕ್ಕೊಂಡು ನೋಡಿ" ಅಂತ ಶೂ ಬಿಚ್ಚಿ ಕೊಡೋಕೇ ಹೊರಟಿದ್ದರು ಒಂದು ದಿನ.

ಅವರ ಸ್ವಭಾವವೇ ಹಾಗೆ. ಯಾರು ಏನು ಹೇಳಿದರೂ ಕಣ್ಣು ಅಗಲಿಸಿ, "ಹೌದಾ?!" ಅನ್ನುತ್ತಿದ್ದರು. ಆ "ಹೌದಾ" ಬಾಯಿಮಾತಿಗೆ ಅಂದಿದ್ದಲ್ಲ, ಅದರ ಹಿಂದೆಯೇ ನಾಲ್ಕು ಪ್ರಶ್ನೆ ಇರುತ್ತಿತ್ತು. ಗೇಟಿನ ಹತ್ತಿರ ಕಡಲೆಕಾಯಿ ಮಾರುವವರನ್ನ, ಇದು ಯಾವ ಊರಿನ ಕಾಯಿ, ಮಣ್ಣು ಕೆಂಪೋ ಕಪ್ಪೋ, ಹುರಿಯೋಕೆ ಮರಳು ಎಲ್ಲಿಂದ ತರ್ತೀರ ಅಂತ ಕೇಳಿ ಕೇಳಿ, ಬೆಲ್ಲಾದರೂ ಒಳಗೆ ಬರುತ್ತಿರಲಿಲ್ಲ. ಹೆಡ್‌ಮಾಸ್ಟರು ಇವರಿಗೆ ಹೇಳಿ ಹೇಳಿ ಸಾಕಾಗಿದ್ದರು. ನಾವು ಏನಾದರೂ ಕೇಳಿ ಅವರಿಗೆ ಉತ್ತರ ಗೊತ್ತಿಲ್ಲದೇ ಹೋದರೆ, ಬೇರೆ ಟೀಚರ‍್ರುಗಳ ಹಾಗೆ "ಅದು ಸಿಲೆಬಸ್ಸಲ್ಲಿಲ್ಲ, ಕೂತ್ಕೋ" ಅನ್ನುತ್ತಿರಲಿಲ್ಲ. "ನಂಗೊತ್ತಿಲ್ವಲ್ಲ! ಯಾರಿಗೆ ಗೊತ್ತಿರಬಹುದು?" ಅಂತ ನಮ್ಮನ್ನೇ ಕೇಳುತ್ತಿದ್ದರು, ನಿಜವಾಗಲೂ ಖುಷಿಯಾದವರ ಹಾಗೆ. ಗೊತ್ತಿಲ್ಲ ಅಂತ ಇಷ್ಟು ಸಂತೋಷವಾಗಿ ಹೇಳೋ ದೊಡ್ಡವರನ್ನ ನಾನು ಆಮೇಲೂ ನೋಡಿಲ್ಲ.

ಎಂಟನೇ ಕ್ಲಾಸಿಗೆ ಅವರದೊಂದು ವಾಡಿಕೆ ಇತ್ತು. ಪ್ರತಿ ವರ್ಷ ಸ್ಕೂಲು ಶುರುವಾಗಿ ಒಂದು ತಿಂಗಳಿಗೆ ಮನೆಯಿಂದ ಅಗಲ ಬಾಯಿಯ ಡಬ್ಬಿಯಲ್ಲಿ ಮೈದಾ ಅಂಟು ಮಾಡಿಕೊಂಡು ಬರುತ್ತಿದ್ದರು. ನಾಲ್ಕು ದೊಡ್ಡ ಚಾರ್ಟುಗಳನ್ನ ಜೋಡಿಸಿ ಹಿಂದಿನ ಗೋಡೆಗೆ ಅಂಟಿಸಿ, ನಡುವೆ ನಮ್ಮ ಸ್ಕೂಲು ಬರೆದು, ಈ ಕಡೆ ಕನಕಪುರ ರಸ್ತೆಯ ಜರಗನಹಳ್ಳಿಯಿಂದ ಆ ಕಡೆ ಹುಳಿಮಾವಿನ ಕೆರೆವರೆಗೆ ರಸ್ತೆಗಳನ್ನ ಎಳೆಯುತ್ತಿದ್ದರು. ಅವರ ಒಂದು ಗೇಣು ಅಂದರೆ ಒಂದು ಕಿಲೋಮೀಟರು. ಆಮೇಲೆ ನಮ್ಮ ಕೆಲಸ. ಪ್ರತಿಯೊಬ್ಬರೂ ತಮ್ಮ ತಮ್ಮ ಬೀದಿಗೆ ಹೋಗಿ, ಈ ಮನೆಗಳೆಲ್ಲ ಆಗೋದಕ್ಕೆ ಮುಂಚೆ ಇಲ್ಲಿ ಏನಿತ್ತು ಅಂತ ಹಳಬರನ್ನ ಕೇಳಿಕೊಂಡು ಬರಬೇಕು. ಚೀಟಿಯಲ್ಲಿ ಎರಡೇ ಸಾಲು. ಏನಿತ್ತು, ಹೇಳಿದವರು ಯಾರು. ಅದನ್ನ ನೋಡಿ ಮಿಸ್ಸು ನಕ್ಷೆಯಲ್ಲಿ ಆ ಜಾಗಕ್ಕೆ ಬರೆಯುತ್ತಿದ್ದರು.

ನಮ್ಮ ಕ್ಲಾಸಿನವರಿಗೆ ಇದು ನೀರು ಕುಡಿದಷ್ಟು ಸುಲಭ. ಎಲ್ಲರ ಮನೆಯಲ್ಲೂ ಅಜ್ಜಿ, ತಾತ. ಇಲ್ಲಿ ರಾಗಿ ಹೊಲ ಇತ್ತಂತೆ, ಇಲ್ಲಿ ಹುಣಸೇತೋಪು ಇತ್ತಂತೆ, ಇಲ್ಲಿ ನರಿ ಬರ್ತಿತ್ತಂತೆ. ದಿನಾ ಒಂದೊಂದು ಚೀಟಿ ಬೀಳುತ್ತಿತ್ತು, ದಿನಾ ಒಂದೊಂದು "ಹೌದಾ?!". ನನಗೆ ಮಾತ್ರ ಕೇಳೋಕೆ ಯಾರೂ ಇರಲಿಲ್ಲ. ನಾವು ಗದಗಿನ ಕಡೆಯವರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಒಂದು ಕಂಪನಿಯಲ್ಲಿ ವ್ಯಾನ್ ಓಡಿಸೋ ಕೆಲಸ ಸಿಕ್ಕಿತು ಅಂತ ಬೆಂಗಳೂರಿಗೆ ಬಂದವರು. ಅಜ್ಜಿ ಊರಲ್ಲೇ ಉಳಿದಳು. ಎರಡು ವರ್ಷಕ್ಕೆ ಮೂರು ಬಾಡಿಗೆ ಮನೆ. ಸುದ್ದಗುಂಟೆಪಾಳ್ಯದಲ್ಲಿ ಓನರ್ ಮಗನಿಗೆ ಮದುವೆ ಅಂತ ಬಿಡಿಸಿದರು, ಇನ್ನೊಂದು ಕಡೆ ನಾವು ನೀರು ಜಾಸ್ತಿ ಖರ್ಚು ಮಾಡ್ತೀವಿ ಅಂತ. ಮೂರನೆಯದು ಜರಗನಹಳ್ಳಿಯಲ್ಲಿ, ಒಬ್ಬ ಓನರ್ ಅಜ್ಜಿಯ ಮನೆ ಹಿಂದಿನ ಒಂದು ರೂಮು, ಒಂದು ಅಡುಗೆಮನೆ.

ಆ ಅಜ್ಜಿಯನ್ನ ಕಂಡರೆ ನನಗೆ ಜೀವ ಹೋಗುತ್ತಿತ್ತು. ಒಂದು ಕಾಲಕ್ಕೆ ಆ ಸುತ್ತಿನ ಜಮೀನೆಲ್ಲ ಅವರ ಮನೆಯದೇ ಅಂತೆ. ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, ನಲ್ಲಿ ಯಾರು ಎಷ್ಟು ಹೊತ್ತು ಬಿಟ್ಟರು ಅಂತ ನೋಡುತ್ತಿದ್ದರು. "ಅವರ ಕಡೆ ಹೋಗಬ್ಯಾಡ, ಅವರ ಜೋಡಿ ಮಾತಾಡಬ್ಯಾಡ. ಈ ಮನಿ ಒಂದು ಹೋತಂದ್ರ ನನ್ನ ಕೈಲೆ ಇನ್ನೊಮ್ಮೆ ಭಾಂಡೆ ಹೊರಾಕ ಆಗಂಗಿಲ್ಲ" ಅಂತ ಅವ್ವ ಕಟ್ಟಪ್ಪಣೆ ಮಾಡಿದ್ದಳು. ಸ್ಕೂಲಿನಲ್ಲೋ, ನಾನು ಬಾಯಿಬಿಟ್ಟರೆ ಸಾಕು, ನನ್ನ "ಯಾಕ್ರೀ", "ಹೌದಲ್ರೀ"ಗಳನ್ನ ಅಣಕಿಸುತ್ತಿದ್ದರು. ಬುತ್ತಿಗೆ ಜೋಳದ ರೊಟ್ಟಿ ತರುತ್ತಿದ್ದೆ ಅಂತ ನನ್ನ ಹೆಸರೇ "ರೊಟ್ಟಿ" ಆಗಿಹೋಗಿತ್ತು. ಹಾಗಾಗಿ ಅಲ್ಲೂ ಬಾಯಿಗೆ ಬೀಗ.

ಎರಡು ವಾರ ತಳ್ಳಿದೆ. ನಕ್ಷೆಯಲ್ಲಿ ಎಲ್ಲರ ಬೀದಿಯೂ ತುಂಬಿತು, ನಮ್ಮದೊಂದು ಬಿಳಿ ಬಿಳಿ ಉಳಿಯಿತು. ಮಿಸ್ಸು ಏನೂ ಬೈಯಲಿಲ್ಲ. "ನಿಮ್ಮ ಬೀದೀದು ಬರಬೇಕಲ್ವಾ?" ಅಂತ ಒಂದೇ ಒಂದು ಸಲ ಕೇಳಿದರು. ಅವತ್ತು ಮನೆಗೆ ಹೋಗಿ ಕೂತು ಬರೆದುಬಿಟ್ಟೆ. ನಮ್ಮ ಬೀದಿಯಲ್ಲಿ ಒಂದು ಬಾವಿ ಇತ್ತು. ಹದಿನೇಳು ಮೆಟ್ಟಿಲು. ಪಕ್ಕದಲ್ಲಿ ಬೇವಿನ ಮರ. ನೀರು ಸ್ವಚ್ಛ ಇರಲಿ ಅಂತ ಒಳಗೆ ಒಂದು ಆಮೆ ಬಿಟ್ಟಿದ್ದರು, ರೊಟ್ಟಿ ಚೂರು ಹಾಕಿದರೆ ಮೇಲೆ ಬರುತ್ತಿತ್ತು. ಬಾವಿ ಸುಳ್ಳಲ್ಲ, ಆಮೆಯೂ ಸುಳ್ಳಲ್ಲ. ಅದು ನಮ್ಮೂರಲ್ಲಿ ನಮ್ಮಜ್ಜಿಯ ಮನೆ ಮುಂದಿನ ಬಾವಿ. ಅದನ್ನ ಅನಾಮತ್ತಾಗಿ ಎತ್ತಿಕೊಂಡು ಬಂದು ಜರಗನಹಳ್ಳಿಯಲ್ಲಿ ಇಟ್ಟಿದ್ದೆ ಅಷ್ಟೆ. "ಹೇಳಿದವರು" ಅನ್ನೋ ಕಡೆ ಏನು ಬರೆಯೋದು? ತುಂಬ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದು ನೆನಪಿದೆ... ಕೊನೆಗೆ "ಓನರ್ ಅಜ್ಜಿ" ಅಂತ ಬರೆದೆ. ಎಂಥ ತಲೆ ನೋಡಿ ನಂದು.

ಚೀಟಿ ಓದಿದ ಮಿಸ್ಸಿನ ಮುಖ ನಾನು ಸಾಯೋವರೆಗೂ ಮರೆಯಲ್ಲ. "ಹೌದಾ?! ಆಮೆನಾ?!" ಅಂತ ಕುರ್ಚಿಯಿಂದ ಎದ್ದೇಬಿಟ್ಟರು. ಇಡೀ ಕ್ಲಾಸಿಗೆ ಜೋರಾಗಿ ಓದಿ ಹೇಳಿದರು. ನನ್ನನ್ನ ರೊಟ್ಟಿ ಅನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಹೆಮ್ಮೆಯಾಯ್ತು. ಆ ಊರಿಗೆ ಬಂದ ಮೇಲೆ ಮೊದಲನೇ ಸಲ ನನ್ನ ಹತ್ತಿರ ಇನ್ನೊಬ್ಬರಿಗೆ ಬೇಕಾದ್ದೇನೋ ಇತ್ತು. ಮಿಸ್ಸು ನೀಲಿ ಬಣ್ಣದಲ್ಲಿ ಪುಟ್ಟ ಬಾವಿ ಬರೆದು, ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಆಮೆ ಬರೆದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು, "ಶನಿವಾರ ಬೆಳಿಗ್ಗೆ ಕ್ಲಾಸ್ ಮುಗಿದ ಮೇಲೆ ಎಲ್ಲರೂ ಹೋಗಿ ನೋಡ್ಕೊಂಡು ಬರೋಣ."

ಶನಿವಾರಕ್ಕೆ ಇನ್ನು ಮೂರು ದಿನ. ಜ್ವರ ಬರಲಿ ಅಂತ ತಣ್ಣೀರಲ್ಲಿ ತಲೆ ತೊಳೆದೆ, ಬರಲಿಲ್ಲ. ಮಿಸ್ಸಿಗೆ ಹೇಳಿಬಿಡೋಣ ಅಂತ ಸ್ಟಾಫ್ ರೂಮಿನ ಬಾಗಿಲಿಗೆ ಎರಡು ಸಲ ಹೋಗಿ ವಾಪಸ್ ಬಂದೆ. ಮಿಸ್ಸು ಬೈದರೆ ಬೈಸಿಕೊಳ್ಳಬಹುದು. ಕ್ಲಾಸಿನವರು ನಕ್ಕರೆ ಅದೇನು ಹೊಸದಲ್ಲ. ಆದರೆ ಆ ಅಜ್ಜಿಯ ಹೆಸರು ಹೇಳಿ ಸುಳ್ಳು ಬರೆದಿದ್ದೀನಿ, ಅವರು ಮನೆ ಖಾಲಿ ಮಾಡಿ ಅಂದುಬಿಟ್ಟರೆ? ಅವ್ವ ಮತ್ತೆ ಪಾತ್ರೆಗಳನ್ನ ಗೋಣಿಚೀಲಕ್ಕೆ ತುಂಬೋದು ಕಣ್ಣ ಮುಂದೆ ಬರುತ್ತಿತ್ತು. ಅನ್ನ ಸೇರದೇ ಹೋಯ್ತು ನನಗೆ.

ಶನಿವಾರ ಬಂತು. ಮೂವತ್ತೈದು ಮಕ್ಕಳ ಸಾಲು, ಮುಂದೆ ಕ್ಯಾನ್ವಾಸ್ ಶೂ, ಕೈಯಲ್ಲಿ ಕೊಡೆ. ಕನಕಪುರ ರಸ್ತೆ ದಾಟುವಾಗ ಬಸ್ಸಿನವರು ನಿಲ್ಲಿಸಿ ದಾರಿ ಬಿಟ್ಟರು. ಮಿಸ್ಸು ನನ್ನನ್ನ ಪಕ್ಕದಲ್ಲೇ ಇಟ್ಟುಕೊಂಡು, ಬಾವಿ ಈಗ ಮುಚ್ಚಿದ್ದಾರಾ, ಮುಚ್ಚಿದ ಮೇಲೆ ಆಮೆ ಏನಾಯ್ತು, ಅಂತ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು. ನಾನು "ಗೊತ್ತಿಲ್ಲ ಮಿಸ್" ಅನ್ನುತ್ತಲೇ ಇದ್ದೆ. ನಮ್ಮ ಬೀದಿ ಬಂತು, ಗೇಟು ಬಂತು. ಇಷ್ಟೊಂದು ಮಕ್ಕಳನ್ನ ನೋಡಿ ಅವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಓಡಿ ಬಂದಳು. "ಬರ‍್ರಿ ಅಕ್ಕೋರ..." ಅಂತ ಮಿಸ್ಸನ್ನ ಕರೆದು, ನನ್ನ ಮುಖ ನೋಡಿದಳು, ಏನು ಗಂಡಾಂತರವೋ ಅಂತ.

ಅಂಗಳದಲ್ಲಿ ಓನರ್ ಅಜ್ಜಿ ಕುರ್ಚಿಯಿಂದ ಏಳಲಿಲ್ಲ. ಮಿಸ್ಸು ಕೈಮುಗಿದು, "ಅಜ್ಜಿ, ಇಲ್ಲಿ ಒಂದು ಆಮೆ ಇರೋ ಬಾವಿ ಇತ್ತು ಅಂತ ನೀವು ಹೇಳಿದ್ರಂತಲ್ಲ, ಅದನ್ನ ಕೇಳ್ಕೊಂಡು ಹೋಗೋಣ ಅಂತ ಬಂದ್ವಿ" ಅಂದರು.

"ಬಾವಿನಾ? ಯಾವ ಬಾವಿ ಕಣಮ್ಮಾ? ಬರೀ ಬಂಡೆ ನೆಲ ಇದು. ನಾನ್ಯಾರಿಗೆ ಹೇಳ್ದೆ?"

ಮೂವತ್ತೈದು ಜೊತೆ ಕಣ್ಣು ನನ್ನ ಮೇಲೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೆಂಗಳೂರಿನ ಮಾತು ಒಂದೂ ನಾಲಿಗೆಗೆ ಬರಲಿಲ್ಲ. "ನಾನ ಬರದೇನ್ರಿ ಮಿಸ್... ಅಜ್ಜಿ ಹೇಳಿಲ್ರಿ... ಅದು ನಮ್ಮೂರ ಬಾಂವಿರೀ" ಅಂತ ಅಂದವಳೇ ಬಿಕ್ಕಿ ಬಿಕ್ಕಿ ಅಳೋಕೆ ಶುರು ಮಾಡಿದೆ. ಯಾರೋ ಕಿಸಕ್ ಅಂದರು. ಅವ್ವ ಬಂದು ನನ್ನ ರೆಟ್ಟೆ ಹಿಡಿದಳು, ಇನ್ನೊಂದು ಕೈ ಎತ್ತಿದ್ದಳು ಕೂಡ. ಆದರೆ ನೋಡುತ್ತಿದ್ದದ್ದು ಅಜ್ಜಿಯನ್ನ. "ತಪ್ಪಾತ್ರೀ ಅಮ್ಮಾರ. ಹುಡುಗಿ ತಿಳೀದ ಮಾಡೇತಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ, ಕೈ ಮುಗೀತೀನಿ." ಅವ್ವ ಆ ಅಂಗಳದಲ್ಲಿ ಹಾಗೆ ನಿಂತಿದ್ದು ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತೆ.

ಮಿಸ್ಸು ಅವ್ವನ ಕೈ ಹಿಡಿದು ಮೆಲ್ಲಗೆ ಇಳಿಸಿದರು. ಅವರ ಮುಖದಲ್ಲಿ ಸಿಟ್ಟಿತ್ತಾ? ನಾನು ಎಷ್ಟೋ ಸಲ ನೆನಪು ಮಾಡಿಕೊಳ್ಳೋಕೆ ನೋಡಿದ್ದೀನಿ. ಬೇಜಾರಂತೂ ಇತ್ತು. "ಅಜ್ಜೀನ ಕೇಳಿದ್ಯಾ ನೀನು?" ಅಂದರು. ಇಲ್ಲ ಅಂದೆ. ಯಾಕೆ ಅಂದರು. ಹೆದರಿಕೆ ಅಂದೆ.

"ನಾನೇನ್ ಹುಲಿನಾ, ಕರಡಿನಾ?" ಅಂತ ಅಜ್ಜಿ ಗುರ‍್ರ್ ಅಂದರು. ಅದು ಹುಲಿ ಥರಾನೇ ಇತ್ತು, ಹುಡುಗರೆಲ್ಲ ಗೊಳ್ಳಂತ ನಕ್ಕರು.

"ಹಾಗಾದ್ರೆ ಈಗ ಕೇಳು" ಅಂದರು ಮಿಸ್ಸು. ಅಷ್ಟೇ ಅವರು ನನಗೆ ಕೊಟ್ಟ ಶಿಕ್ಷೆ. ಎಲ್ಲರ ಎದುರಿಗೆ, ಮೂಗು ಸುರಿಸಿಕೊಂಡು, ನಾನು ಆ ಅಜ್ಜಿಯ ಮುಂದೆ ಹೋಗಿ ನಿಂತು ಕೇಳಿದೆ. ನೀವು ಮದುವೆಯಾಗಿ ಈ ಮನೆಗೆ ಬಂದಾಗ ಇಲ್ಲಿ ಏನಿತ್ತು ಅಜ್ಜಿ? ಹಾಗೆ ಕೇಳು ಅಂತ ಹೇಳಿಕೊಟ್ಟಿದ್ದೂ ಮಿಸ್ಸೇ.

ಅಜ್ಜಿ ಎದ್ದು ಒಳಗೆ ಹೋಗಿಬಿಡುತ್ತಾರೇನೋ ಅಂದುಕೊಂಡೆ. ಅವರು ನೆಲ ನೋಡುತ್ತಿದ್ದರು. ಆಮೇಲೆ ಕೈಯಲ್ಲಿದ್ದ ಕೋಲಿನಿಂದ ಸಿಮೆಂಟಿನ ಅಂಗಳದ ಮೇಲೆ ಒಂದು ದೊಡ್ಡ ಸುತ್ತು ಎಳೆದು ತೋರಿಸಿದರು. "ಕಣ ಇತ್ತು ಕಣವ್ವಾ. ರಾಗಿ ಕಣ. ಇಲ್ಲಿಂದ ಅಕೋ, ನಿಮ್ಮಮ್ಮ ಒಲೆ ಉರಿಸ್ತಾಳಲ್ಲ, ಅಲ್ಲೀಗಂಟ. ಸಗಣಿ ಹಾಕಿ ಸಾರಿಸಿದ್ರೆ ತಟ್ಟೆ ಥರ ಇರೋದು. ನೀವು ಮಲ್ಕೊಳ್ಳೋ ಜಾಗದಾಗೇ ರಾಶಿ ಹಾಕ್ತಿದ್ವಿ, ಪೂಜೆ ಮಾಡ್ತಿದ್ವಿ. ಕಣಕ್ಕೆ ಚಪ್ಲಿ ಮೆಟ್ಕೊಂಡು ಯಾರೂ ಬರಂಗಿರ್ಲಿಲ್ಲ. ನಮ್ಮತ್ತೆ ಕಾಲು ಮುರಿಯೋಳು."

"ಹೌದಾ?!" ಅಂದರು ಮಿಸ್ಸು.

ಅಂದವರು ಬಗ್ಗಿ ಶೂ ಲೇಸು ಬಿಚ್ಚೋಕೆ ಶುರು ಮಾಡಿದರು. ಎರಡೂ ಶೂ ತೆಗೆದು, ಗೇಟಿನಾಚೆ ಇಟ್ಟು, ಬರಿಗಾಲಲ್ಲಿ ವಾಪಸ್ ಬಂದು ಆ ಸಿಮೆಂಟಿನ ಮೇಲೆ ನಿಂತರು. ನಾಟಕ ಮಾಡೋ ಹೆಂಗಸಲ್ಲ ಅವರು. ಕಣ ಅಂತ ಗೊತ್ತಾಯ್ತು, ಶೂ ತೆಗೆದರು, ಅಷ್ಟೆ. ಮೂವತ್ತೈದು ಮಕ್ಕಳೂ ಒಬ್ಬೊಬ್ಬರಾಗಿ ಗೇಟಿನ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಮೇಲೆ ಬಟ್ಟೆ ಒಣಗಿಸೋ ತಂತಿ, ಒಂದು ಕಡೆ ಸಂಪಿನ ಮುಚ್ಚಳ, ಇನ್ನೊಂದು ಕಡೆ ಸ್ಕೂಟರು. ನಡುವೆ ನಾವೆಲ್ಲ ಬರಿಗಾಲಲ್ಲಿ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಈ ಸಿಮೆಂಟ್ ಹಾಕಿಸಿದ ಮೇಲೆ ಇದನ್ನ ಒಬ್ರೂ ಕೇಳಿರ್ಲಿಲ್ಲ. ನಮ್ಮನೆ ಹುಡುಗ್ರೇ ಕೇಳ್ಲಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅದೇನೇ ಅದು, ನಿಮ್ಮೂರಾಗೆ ಬಾವಿಗೆ ಆಮೆ ಬಿಡ್ತಾರಾ? ನಿಜನಾ?" ಅಂತ ಕೇಳಿದರು. ಅವ್ವ ಅವತ್ತು ಬುಟ್ಟಿಯಲ್ಲಿದ್ದ ರೊಟ್ಟಿಯನ್ನೆಲ್ಲ ಹರಿದು ಶೇಂಗಾ ಚಟ್ನಿ ಹಚ್ಚಿ ಎಲ್ಲರಿಗೂ ಒಂದೊಂದು ತುಂಡು ಕೊಟ್ಟಳು. ರೊಟ್ಟಿ ಅಂತ ರೇಗಿಸುತ್ತಿದ್ದವರೇ ಇನ್ನೊಂದು ಕೇಳಿ ತಿಂದರು. ಮನೆ ಖಾಲಿ ಮಾಡೋ ಮಾತು ಬರಲೇ ಇಲ್ಲ. ಏಳು ವರ್ಷ ಇದ್ದೆವು ಆ ಮನೆಯಲ್ಲಿ.

ಇಷ್ಟಾಯಿತು ಅಂತ ಮಿಸ್ಸು ನನ್ನನ್ನ ಸುಮ್ಮನೆ ಬಿಡಲಿಲ್ಲ. ಸೋಮವಾರ ನನ್ನ ಕೈಗೆ ಕೆಂಪು ಪೆನ್ನು ಕೊಟ್ಟು, ನಕ್ಷೆಯ ಮೇಲಿದ್ದ ಬಾವಿಯನ್ನ ನನ್ನಿಂದಲೇ ಹೊಡೆದುಹಾಕಿಸಿದರು. ಅದರ ಕೆಳಗೆ "ಇಲ್ಲಿ ಬಾವಿ ಇರಲಿಲ್ಲ, ಕಣ ಇತ್ತು" ಅಂತ ಬರೆಸಿದರು. ಮತ್ತೆ ಅಳು ಬಂತು ನನಗೆ. ಆಗ ಅವರು ಹೇಳಿದ ಮಾತು ಮಾತ್ರ ಅಕ್ಷರಕ್ಷರ ನೆನಪಿದೆ. "ಕೇಳೋಕೆ ಹೆದರಿಕೆ ಆದ್ರೆ ಖಾಲಿ ಬಿಡು. ಖಾಲಿ ಇದ್ರೆ ಇನ್ಯಾರಾದ್ರೂ ಒಂದಿನ ಹೋಗಿ ಕೇಳ್ತಾರೆ. ಸುಳ್ಳು ತುಂಬಿಸಿಟ್ರೆ ಯಾರೂ ಹೋಗಲ್ಲ." ಹೇಳಿದ ರೀತಿಯಲ್ಲಿ ಕೋಪ ಇರಲಿಲ್ಲ, ಆದರೆ ರಿಯಾಯಿತಿಯೂ ಇರಲಿಲ್ಲ.

ಆಮೇಲೆ ಪೆನ್ನು ವಾಪಸ್ ಇಸ್ಕೊಂಡು, "ಸರಿ, ನಿಮ್ಮೂರಿನ ಬಾವಿ ಎಲ್ಲಿದೆಯೋ ಅಲ್ಲಿ ಹಾಕೋಣ. ಎಷ್ಟು ದೂರ ನಿಮ್ಮೂರು? ಅಪ್ಪನ್ನ ಕೇಳ್ಕೊಂಡು ಬಾ" ಅಂದರು. ಅಪ್ಪ ಡ್ರೈವರು, ಅವರಿಗೆ ಅದು ಬಾಯಿಪಾಠ. ನಾನೂರು ಕಿಲೋಮೀಟರಿನ ಮೇಲೆ ಚಿಲ್ಲರೆ. ಗೇಣಿಗೊಂದು ಕಿಲೋಮೀಟರಾದರೆ ನಾನೂರು ಗೇಣು ಆಯ್ತಲ್ಲ! ಚಾರ್ಟು ಸಾಲದು, ಗೋಡೆ ಸಾಲದು, ಕ್ಲಾಸೇ ಸಾಲದು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಕ್ಕು ಬಿಡುತ್ತಿದ್ದರು. ಮಿಸ್ಸು ಸೈನ್ಸ್ ಮೇಷ್ಟ್ರ ಹತ್ತಿರ ದಿಕ್ಸೂಚಿ ಇಸ್ಕೊಂಡು ಬಂದರು. ಇಪ್ಪತ್ತು ಗೇಣಿನ ಹಗ್ಗ ಕತ್ತರಿಸಿದರು. ವಾಯವ್ಯ ದಿಕ್ಕು ಹಿಡಿದು ಅಳೆಯುತ್ತಾ ಹೊರಟೆವು. ಕ್ಲಾಸ್ ರೂಮು ದಾಟಿ, ವರಾಂಡ ದಾಟಿ, ಖೊಖೊ ಆಡುತ್ತಿದ್ದ ಹತ್ತನೇ ಕ್ಲಾಸಿನವರನ್ನ ಪಕ್ಕಕ್ಕೆ ಸರಿಸಿ, ಹಗ್ಗ ಬಿಡೋದು, ಎಣಿಸೋದು, ಮತ್ತೆ ಬಿಡೋದು. ಈ ಮೈದಾನ ಯಾವ ಜಿಲ್ಲೆ ಬಂತು, ಈ ನಲ್ಲಿ ಯಾವ ಊರಿನ ಹತ್ತಿರ ಅಂತ ಎಲ್ಲರೂ ಕೂಗಾಡೋದು. ಇಪ್ಪತ್ತನೇ ಹಗ್ಗ ಮುಗಿಯೋ ಹೊತ್ತಿಗೆ ಗೇಟು ದಾಟಿ ಎದುರಿನ ಸೈಕಲ್ ಶಾಪಿನ ಗೋಡೆಗೆ ಬಂದು ನಿಂತಿದ್ದೆವು. ಅಂಗಡಿಯವರು ಪಂಕ್ಚರ್ ಹಾಕುತ್ತಿದ್ದವರು ತಲೆ ಎತ್ತಿ, "ಏನ್ ಮೇಡಂ, ನಮ್ ಗೋಡೆ ಒಡೀತೀರಾ?" ಅಂದರು. ಇಲ್ಲಿ ಇವಳ ಊರಿನ ಬಾವಿ ಬರುತ್ತೆ, ಒಂದು ಚಿತ್ರ ಅಂಟಿಸಲಾ ಅಂತ ಮಿಸ್ಸು ವಿವರಿಸಿ ಹೇಳಿದರು. "ಅಂಟ್ಸಿ ಅಂಟ್ಸಿ. ನೀರು ಬಂದ್ರೆ ನಂಗೂ ಒಂದು ಬಿಂದಿಗೆ ಇರ‍್ಲಿ" ಅಂದರು ಆ ಮಹಾನುಭಾವರು.

ಹಾಗೆ ನಮ್ಮೂರಿನ ಬಾವಿ, ಹದಿನೇಳು ಮೆಟ್ಟಿಲು, ಆಮೆ ಸಮೇತ, ಜೆ.ಪಿ. ನಗರದ ಸೈಕಲ್ ಶಾಪಿನ ಗೋಡೆ ಮೇಲೆ ಬಂತು. ಮಳೆಗೆ ನೆನೆಯದಿರಲಿ ಅಂತ ಅವರೇ ಪ್ಲಾಸ್ಟಿಕ್ ಹೊದಿಸಿದರು. ಆಮೇಲೆ ಕ್ಲಾಸಿನಲ್ಲಿ ಒಬ್ಬೊಬ್ಬರದೇ ಗುಟ್ಟು ಹೊರಗೆ ಬರೋಕೆ ಶುರುವಾಯ್ತು. ನಮ್ಮದು ಮದನಪಲ್ಲಿ ಮಿಸ್, ನಮ್ಮ ತಾತನದು ಧರ್ಮಪುರಿ ಮಿಸ್, ಅಂತ ಸುಮ್ಮನಿದ್ದವರೆಲ್ಲ ಕೈ ಎತ್ತಿದರು. ಹಗ್ಗ ದಿಕ್ಕು ದಿಕ್ಕಿಗೆ ಹೋಯ್ತು. ಒಬ್ಬಳ ಊರು ಹೆಡ್‌ಮಾಸ್ಟರ ರೂಮಿನ ಒಳಗೆ ಬಂದು, ಅವರ ಬೀರುವಿನ ಬಾಗಿಲಿಗೇ ಒಂದು ಮಾವಿನ ತೋಪು ಅಂಟಿಸಿದೆವು. ಹೊರಗಿನಿಂದ ಬಂದವಳು ನಾನೊಬ್ಬಳೇ ಅಂತ ತಿಳಿದುಕೊಂಡಿದ್ದೆನಲ್ಲ, ಎಂಥ ಪೆದ್ದಿ. ನನ್ನ ಹೆಸರು ರೊಟ್ಟಿಯಿಂದ ಬಾವಿ ಆಯ್ತು. ಅದಕ್ಕೆ ಮಾತ್ರ ನನ್ನ ತಕರಾರು ಇರಲಿಲ್ಲ.

ಹತ್ತನೇ ಕ್ಲಾಸು ಮುಗಿಯಿತು. ಕಾಲೇಜು, ಕೆಲಸ, ಮದುವೆ, ಮಗಳು... ಜಯನಗರದಲ್ಲಿ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಈಗ ನಾನು ಕ್ಲೇಮು ನೋಡುತ್ತೀನಿ. ಕೌಂಟರಿಗೆ ಬಂದವರನ್ನ ಬೇಕಾದ್ದು ಬೇಡದ್ದು ಎಲ್ಲ ಕೇಳುತ್ತೀನಿ ಅಂತ ಜೊತೆಯವರು ನಗುತ್ತಾರೆ. ಮೊದಮೊದಲು ಮಿಸ್ಸು ಮಾರ್ಕೆಟ್ಟಿನ ಹತ್ತಿರ, ಬಸ್ಸಿನಲ್ಲಿ ಸಿಗುತ್ತಿದ್ದರು. ಸಿಕ್ಕಿದರೆ ನನ್ನ ಬಗ್ಗೆಯೇ ಮಾತು. ಅವ್ವನ ಮಂಡಿ ನೋವು ಹೇಗಿದೆ, ಆಫೀಸಿನಲ್ಲಿ ಏನು ಕೆಲಸ, ಕ್ಲೇಮು ಅಂದರೇನು, ಯಾರು ಪರೀಕ್ಷೆ ಮಾಡ್ತಾರೆ. ಬಸ್ಸು ಬಂದರೂ ಮುಗಿಯುತ್ತಿರಲಿಲ್ಲ. ಆಮೇಲೆ ಸಿಗೋದು ನಿಂತಿತು. ಯಾವಾಗ ನಿಂತಿತು ಅಂತ ನನಗೆ ಗೊತ್ತೇ ಆಗಲಿಲ್ಲ.

ಮೈದಾ ಬೇಯಿಸಿದ ಸಂಜೆ ನಮ್ಮ ಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ, ಸಮಾಜದ ಮಿಸ್ಸು ಹೇಗಿದ್ದಾರೆ, ಯಾರಿಗಾದರೂ ಗೊತ್ತಾ? ಹುಳಿಮಾವಿನ ಕಡೆ ಇರುವ ಒಬ್ಬ ಉತ್ತರ ಹಾಕಿದ. "ಹೋಗ್ಬಿಟ್ರಂತೆ ಕಣೇ, ಬೇಸಿಗೇಲಿ. ನಂಗೂ ಮೊನ್ನೆ ಗೊತ್ತಾಗಿದ್ದು." ಒಂದು ಅಡ್ರೆಸ್ಸೂ ಕೊಟ್ಟ, ಬನಶಂಕರಿಯದು.

ಭಾನುವಾರ ಹೋದೆ. ಹೋಗಿ ಏನು ಮಾಡೋದು ಅಂತಲೂ ಗೊತ್ತಿರಲಿಲ್ಲ, ಆದರೂ ಹೋದೆ. ಮಹಡಿ ಮೇಲಿನ ಒಂದು ಪೋರ್ಷನ್ನು, ಆಗಲೇ ಬೇರೆ ಯಾರೋ ಬಾಡಿಗೆಗೆ ಬಂದು ಬಟ್ಟೆ ಒಣಗಹಾಕಿದ್ದರು. ಕೆಳಗಿನ ಮನೆಯ ಯಜಮಾನರು, ಅರವತ್ತರ ಹತ್ತಿರದವರು, ನಾನು ಮಿಸ್ಸಿನ ಸ್ಟೂಡೆಂಟು ಅಂದ ತಕ್ಷಣ ಕೂರಿಸಿ ಕಾಫಿ ಕೊಡಿಸಿದರು. ಹದಿನೆಂಟು ವರ್ಷ ಬಾಡಿಗೆಗಿದ್ದರಂತೆ, ಒಬ್ಬರೇ. "ನಮ್ ತಾಯಿ ಇರೋವರೆಗೂ ಗಂಟೆಗಟ್ಲೆ ಕೂತು ಕೇಳೋರು ಮೇಡಂ. ನಮ್ಮಪ್ಪನ ಊರು, ಅವರಪ್ಪನ ಊರು, ನಮ್ಮಜ್ಜಿ ಯಾವ ಊರಿಂದ ಗಾಡೀಲಿ ಬಂದಿದ್ದು, ಎಲ್ಲಾ. ನಮಗೇ ಗೊತ್ತಿರಲಿಲ್ಲ, ಅವರಿಂದಾನೇ ಗೊತ್ತಾಗಿದ್ದು." ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿತು, ನನ್ನದೂ.

ಮಿಸ್ಸಿನ ಕಡೆಯವರು ಯಾರಾದರೂ ಬಂದಿದ್ದರಾ ಅಂತ ಕೇಳಿದೆ. ತಮ್ಮನ ಮಗ ಅಂತ ಒಬ್ಬರು ಬಂದು, ಕೆಲಸ ಎಲ್ಲ ಮುಗಿಸಿ, ಸಾಮಾನು ತೆಗೆದುಕೊಂಡು, ಬೂದಿಯನ್ನ ಅವರ ಊರಿನ ಹೊಳೆಗೆ ಬಿಡ್ತೀವಿ ಅಂತ ಹೊರಟುಹೋದರಂತೆ.

"ಅವರದು ಯಾವ ಊರು ಸಾರ್?"

ಯಜಮಾನರು ಒಳಗೆ ತಿರುಗಿ ಹೆಂಡತಿಯನ್ನ ಕೇಳಿದರು. ತುಮಕೂರು ಕಡೆ ಇರಬೇಕು ಅಂತ ಅವರು ಅಡುಗೆಮನೆಯಿಂದ. ಅಲ್ಲ ಕಣೇ, ಮೈಸೂರು ಕಡೆಯವರ ಮಾತಲ್ವಾ ಅಂತ ಇವರು. ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದರು. "ಕೇಳಿರಲಿಲ್ಲ ಮೇಡಂ" ಅಂದರು ಕೊನೆಗೆ, ತಪ್ಪು ಮಾಡಿದವರ ಹಾಗೆ. ಅಲ್ಲಿಂದಲೇ ಗ್ರೂಪಿನಲ್ಲಿ ಹಾಕಿದೆ, ಮಿಸ್ಸಿನ ಊರು ಯಾವುದು, ಯಾರಿಗಾದರೂ ಗೊತ್ತಾ ಅಂತ. ಅಷ್ಟೂ ಜನ ನೋಡಿದರು. ಒಬ್ಬರೂ ಉತ್ತರ ಬರೆಯಲಿಲ್ಲ.

ಮೂರು ವರ್ಷ ಅವರ ಕ್ಲಾಸಿನಲ್ಲಿ ಕೂತಿದ್ದೆ. ಆಮೇಲೆ ಎಷ್ಟು ಸಲ ಬಸ್ ಸ್ಟಾಪಿನಲ್ಲಿ ಪಕ್ಕ ಪಕ್ಕ ನಿಂತಿದ್ದೆ. ನಮ್ಮ ಮಿಸ್ಸನ್ನ ಯಾವ ನೀರಿಗೆ ಬಿಟ್ಟರು ಅಂತ ಇವತ್ತು ನನಗೆ ಗೊತ್ತಿಲ್ಲ. ಒಂದೇ ಒಂದು ಸಲ, "ಮಿಸ್, ನಿಮ್ಮೂರು ಯಾವುದು?" ಅಂತ ಕೇಳೋಕೆ ನನಗೇನು ಧಾಡಿಯಾಗಿತ್ತು?